ಮೂವತ್ತು ಚೆಕ್ ಬೇಡ, ಐದು ಮಕ್ಕಳಿಗೆ ಐದು ವರ್ಷ ಕೊಡಿ

ಪ್ರಶ್ನೆ: ನಾವು ಹಾಸನದ ಒಂದೇ ಹೈಸ್ಕೂಲಿನಲ್ಲಿ ಓದಿದ ಇಪ್ಪತ್ತು ಗೆಳೆಯರು. ಈಗ ಬೇರೆ ಬೇರೆ ಊರುಗಳಲ್ಲಿದ್ದೇವೆ, ಇಬ್ಬರು ಅಮೆರಿಕದಲ್ಲಿದ್ದಾರೆ. ನಮಗೆ ಹಾಡು, ನಾಟಕ ಕಲಿಸಿದ ಮೇಷ್ಟ್ರ ನೆನಪಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಕೂಡಿಸಿ, ಸಂಗೀತ, ನೃತ್ಯ, ನಾಟಕ ಕಲಿಯುವ ಬಡ ಮಕ್ಕಳಿಗೆ ಕೊಡಬೇಕು ಅಂತಿದ್ದೇವೆ. ಸ್ಪರ್ಧೆ ನಡೆಸಿ 30 ಮಕ್ಕಳನ್ನು ಆರಿಸೋಣ, ಹಾಸನಾಂಬ ಕಲಾಕ್ಷೇತ್ರದಲ್ಲಿ ಕಾರ್ಯಕ್ರಮ ಮಾಡಿ ತಲಾ 10 ಸಾವಿರದ ಚೆಕ್ ಕೊಡೋಣ ಅಂತ ಹೆಚ್ಚಿನವರ ಅಭಿಪ್ರಾಯ. ಸರ್ಕಾರದ ವಿದ್ಯಾರ್ಥಿವೇತನ ಇರುವಾಗ ನಮ್ಮದು ಯಾಕೆ ಅಂತ ಕೆಲವರು ಕೇಳುತ್ತಿದ್ದಾರೆ. ಹೇಗೆ ಮಾಡಿದರೆ ಸರಿ?

ಉತ್ತರ: ನಿಮ್ಮ ದುಡ್ಡು ಖಂಡಿತ ಬೇಕು. ಆದರೆ 30 ಚೆಕ್ ಬೇಡ. ಐದೇ ಮಕ್ಕಳನ್ನು ಆರಿಸಿಕೊಳ್ಳಿ. ತಿಂಗಳು ತಿಂಗಳು ಕೊಡಿ. ಐದು ವರ್ಷ ಕೈ ಬಿಡಬೇಡಿ. ಕಲಾ ವಿದ್ಯಾರ್ಥಿಗಳ ನೆರವಿನ ಕೆಲಸದಲ್ಲಿ ಬಹಳ ಕಾಲದಿಂದ ಇರುವ ನನಗೆ ಗಟ್ಟಿಯಾಗಿ ಹೇಳಬೇಕು ಅನ್ನಿಸುವುದು ಇದೊಂದೇ.

ಯಾಕೆ ಅಂತ ತಿಳಿಯಲು ಒಂದು ಮನೆಯ ಲೆಕ್ಕ ನೋಡೋಣ. ಅರಕಲಗೂಡು ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಹಾಸನಕ್ಕೆ ಬಂದು ಭರತನಾಟ್ಯ ಕಲಿಯುತ್ತಾಳೆ ಅಂತಿಟ್ಟುಕೊಳ್ಳಿ. ನಾವೆಲ್ಲ ಮೊದಲು ಯೋಚಿಸುವುದು ಫೀಸಿನ ಬಗ್ಗೆ. ಆದರೆ ನಮ್ಮ ಊರುಗಳ ಎಷ್ಟೋ ಗುರುಗಳು ಬಡ ಮಕ್ಕಳ ಹತ್ತಿರ ಫೀಸ್ ಕೇಳುವುದೇ ಇಲ್ಲ, ಇಲ್ಲವೇ ಅರ್ಧಕ್ಕೆ ಒಪ್ಪಿಕೊಳ್ಳುತ್ತಾರೆ. ಮಕ್ಕಳು ಬಿಟ್ಟು ಹೋಗುವುದು ಜಾಸ್ತಿ ಫೀಸಿನಿಂದಲ್ಲ, ಫೀಸಿನ ಸುತ್ತ ಇರುವ ಖರ್ಚಿನಿಂದ. ಕ್ಲಾಸು ಇರುವುದು ಶಾಲೆ ಬಿಟ್ಟ ಮೇಲೆ. ಮುಗಿಯುವಾಗ ರಾತ್ರಿ ಏಳೂವರೆ. ಒಬ್ಬಳನ್ನೇ ಕಳಿಸಲು ಮನೆಯವರಿಗೆ ಧೈರ್ಯ ಇಲ್ಲ, ಅಪ್ಪನೋ ಅಮ್ಮನೋ ಜೊತೆಗೆ ಬರಬೇಕು. ಬಂದವರಿಗೆ ಅವತ್ತಿನ ಅರ್ಧ ದಿನದ ಕೂಲಿ ಹೋಗುತ್ತದೆ. ಕೊನೆ ಬಸ್ ತಪ್ಪಿದರೆ ಆಟೋ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಸರ್ಕಾರಿ ಬಸ್ ಉಚಿತವಾಯಿತು. ಇದರಿಂದ ನಿಜವಾಗಿಯೂ ಅನುಕೂಲ ಆಗಿದೆ. ಆದರೆ ಹುಡುಗರಿಗೆ ಅದಿಲ್ಲ. ವಿದ್ಯಾರ್ಥಿ ಪಾಸ್ ಇದ್ದರೂ ಅದು ಮನೆಯಿಂದ ಶಾಲೆಗೆ ಹೋಗುವ ದಾರಿಗೆ ಮಾತ್ರ. ಮೃದಂಗದ ಮೇಷ್ಟ್ರ ಮನೆ ಆ ದಾರಿಯಲ್ಲೇ ಇರಬೇಕಲ್ಲ! ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಖಾಸಗಿ ಬಸ್ಸನ್ನೇ ನಂಬಿರುವ ಹಳ್ಳಿಗಳು ಬೇಕಾದಷ್ಟಿವೆ. ಅಲ್ಲಿ ಹುಡುಗಿಯರೂ ಟಿಕೆಟ್ ಕೊಂಡೇ ಓಡಾಡಬೇಕು.

ಇನ್ನು ಸಂಗೀತ, ನೃತ್ಯದ ಪರೀಕ್ಷೆ. ಮೊದಲ ಹಂತದ ಜೂನಿಯರ್ ಹೇಗೋ ಆಗಿಹೋಗುತ್ತದೆ. ಸೀನಿಯರ್, ವಿದ್ವತ್ ಅಂತ ಮೇಲೆ ಹೋದಷ್ಟೂ ಖರ್ಚು ಏರುತ್ತದೆ. ನೃತ್ಯದ ಮಗುವಿಗೆ ಉಡುಪು ಹೊಲಿಸಬೇಕು, ಗೆಜ್ಜೆ, ತಲೆಸಾಮಾನು ಬೇಕು, ಹಿಮ್ಮೇಳದವರಿಗೆ ಕೊಡಬೇಕು. ಆಮೇಲೆ ರಂಗಪ್ರವೇಶ, ಅಂದರೆ ಕಲಿತದ್ದನ್ನು ಮೊದಲ ಸಲ ಒಬ್ಬಳೇ ವೇದಿಕೆಯಲ್ಲಿ ಪೂರ್ತಿಯಾಗಿ ತೋರಿಸುವ ಕಾರ್ಯಕ್ರಮ. ಸಭಾಂಗಣದ ಬಾಡಿಗೆ, ಹಾಡುವವರು, ಮೃದಂಗ, ಕೊಳಲು, ಪಿಟೀಲು, ಮೇಕಪ್, ಆಹ್ವಾನ ಪತ್ರಿಕೆ, ಬಂದವರಿಗೆ ಊಟ. ಎಲ್ಲ ಸೇರಿ ಲಕ್ಷಗಟ್ಟಲೆ ಆಗುವುದು ನಿಮಗೂ ಗೊತ್ತು. ಎಂಟು ಹತ್ತು ವರ್ಷ ಕಲಿತ ಹುಡುಗಿ ಈ ಹಂತಕ್ಕೆ ಬಂದು, ಇದು ನಮ್ಮಂಥವರಿಗಲ್ಲ ಅಂತ ನಿಂತುಬಿಡುತ್ತಾಳೆ. ನನ್ನ ಮಾತು ಕೇಳುವುದಾದರೆ ನಿಮ್ಮ ಹಣವನ್ನು ಯಾರದೇ ರಂಗಪ್ರವೇಶಕ್ಕೂ ಕೊಡಬೇಡಿ. ಒಂದು ಸಂಜೆಗೆ ಹೋಗುವ ದುಡ್ಡಿನಲ್ಲಿ ಒಂದು ಮಗು ಹಲವು ವರ್ಷ ಕಲಿಯಬಹುದು. ರಂಗಪ್ರವೇಶ ಆಗದಿದ್ದರೂ ಅವಳು ಕಲಾವಿದೆಯೇ. ಇದನ್ನು ಗುರುಗಳ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ನಾಟಕದ ಕಡೆ ಬಂದರೆ ಬೇರೆ ತೊಡಕು. ಹಾಸನದ ಹಳ್ಳಿಗಳಲ್ಲಿ ಕುರುಕ್ಷೇತ್ರದಂಥ ಪೌರಾಣಿಕ ನಾಟಕ ಹೇಗೆ ಆಗುತ್ತದೆ ಅಂತ ನೀವು ನೋಡಿಯೇ ಇರುತ್ತೀರಿ. ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು ಎಲ್ಲ ಅದರಲ್ಲೇ ಏಳಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ದುರ್ಯೋಧನನ ಕಂದಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಕೂಲಿಯವರ ಮನೆಯ ಹುಡುಗ ವರ್ಷಗಟ್ಟಲೆ ಸೈನಿಕನಾಗಿಯೇ ಉಳಿಯುತ್ತಾನೆ. ಹಣ ಇದ್ದವನು ಶ್ರುತಿ ತಪ್ಪಿದರೂ ದುರ್ಯೋಧನ. ಈ ನಾಟಕಗಳ ಬಗ್ಗೆ ನನಗೆ ಗೌರವ ಇದೆ. ಹಳ್ಳಿಯಲ್ಲಿ ಹಾಡುವ ಗಂಟಲುಗಳನ್ನು ಉಳಿಸಿದ್ದೇ ಇವು. ಆದರೆ ಬಡವರ ಮನೆಯ ಪ್ರತಿಭೆ ಕಣ್ಣಿಗೆ ಬೀಳದೆ ಹೋಗುವ ಜಾಗವೂ ಇದೇ. ನಿಮ್ಮ ಮಕ್ಕಳನ್ನು ಹುಡುಕುವಾಗ ಹಾರ್ಮೋನಿಯಂ ಮೇಷ್ಟ್ರುಗಳನ್ನು ತಪ್ಪದೆ ಕೇಳಿ. ಯಾವ ಊರಿನಲ್ಲಿ ಯಾವ ಹುಡುಗನಿಗೆ ಕಂಠ ಇದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಈಗ ನಿಮ್ಮ 10 ಸಾವಿರದ ಚೆಕ್ಕಿನ ವಿಷಯ. ಒಂದೇ ಸಲ 10 ಸಾವಿರ ಬಂದರೆ ಬಡ ಮನೆಯಲ್ಲಿ ಅದು ಏನಾಗುತ್ತದೆ? ಸಂಘದ ಸಾಲದ ಕಂತಿಗೋ, ಅಜ್ಜಿಯ ಆಸ್ಪತ್ರೆಗೋ, ಮಳೆಗಾಲಕ್ಕೆ ಮುಂಚಿನ ಸೂರಿನ ರಿಪೇರಿಗೋ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಆದರೆ ಮೂರು ತಿಂಗಳಾದ ಮೇಲೆ ಬಸ್ಸಿಗೆ ದುಡ್ಡಿರುವುದಿಲ್ಲ, ಮಗು ಕ್ಲಾಸು ಬಿಡುತ್ತದೆ. ಅದೇ ತಿಂಗಳಿಗೆ 2 ಸಾವಿರ ಐದನೇ ತಾರೀಖಿಗೆ ತಪ್ಪದೆ ಬರುತ್ತದೆ ಅಂತಾದರೆ ಮನೆಯವರು ಅದನ್ನು ನಂಬಿ ಯೋಚನೆ ಮಾಡಲು ಶುರು ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ವರ್ಷ ಬಂದಾಗಲೂ ಕ್ಲಾಸು ಬಿಡಿಸುವ ಮಾತು ಅಷ್ಟು ಬೇಗ ಬರುವುದಿಲ್ಲ.

ನಮ್ಮ ನಾಡಿಗೆ ಇದು ಹೊಸದೇನೂ ಅಲ್ಲ. ಅರಕಲಗೂಡು ತಾಲೂಕಿನ ರುದ್ರಪಟ್ಟಣ ನಿಮಗೆ ಗೊತ್ತೇ ಇದೆ. ಕಾವೇರಿ ದಡದ ಆ ಊರಿನಲ್ಲೇ 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದರು. ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಅವರ ಮೂಲವೂ ಅದೇ. ಅಷ್ಟು ಸಣ್ಣ ಊರು ಅಷ್ಟೊಂದು ಸಂಗೀತಗಾರರನ್ನು ಕೊಟ್ಟಿದ್ದು ಸುಮ್ನೆ ಅಲ್ಲ. ಕಲಿಸುವವರು ಮನೆಯಲ್ಲೇ ಇದ್ದರು, ಕಲಿಯಲು ವರ್ಷಗಟ್ಟಲೆ ಸಮಯ ಇತ್ತು. ಹಳೇ ಮೈಸೂರಿನ ಊರುಗಳಲ್ಲಿ ಬಡ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಕೊಡುವುದು ಸ್ವಲ್ಪವೇ ಆದರೂ ತಪ್ಪುತ್ತಿರಲಿಲ್ಲ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ಊಟ ಹೆಚ್ಚಾಗಿ ಸ್ವಂತ ಜಾತಿಯ ಹುಡುಗರಿಗೇ ಸಿಗುತ್ತಿತ್ತು. ಹೊರಗಿದ್ದ ಮಕ್ಕಳು ಹೊರಗೇ ಉಳಿದರು. ನೀವು ತಪ್ಪದೆ ಕೊಡುವುದನ್ನು ಅಲ್ಲಿಂದ ತೆಗೆದುಕೊಳ್ಳಿ, ಬಾಗಿಲನ್ನು ಮಾತ್ರ ಎಲ್ಲರಿಗೂ ತೆಗೆಯಿರಿ.

ಸರ್ಕಾರದ ಹಣ ಇದೆಯಲ್ಲ ಅನ್ನುವ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಇದೆ. ಅದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿದರೆ ನಿಮ್ಮ ದುಡ್ಡಿನ ಜಾಗ ತಾನಾಗಿ ಕಾಣುತ್ತದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಕೆಳಗೆ ದೆಹಲಿಯಲ್ಲಿ ಸಿಸಿಆರ್‌ಟಿ ಅನ್ನುವ ಸಂಸ್ಥೆ ಇದೆ. ಅದು 1982ರಿಂದ ಸಾಂಸ್ಕೃತಿಕ ಪ್ರತಿಭಾ ಶೋಧ ವಿದ್ಯಾರ್ಥಿವೇತನ ಕೊಡುತ್ತಿದೆ. 10ರಿಂದ 14 ವರ್ಷದ ಮಕ್ಕಳು ಅರ್ಜಿ ಹಾಕಬಹುದು. ಸಿಕ್ಕಿದರೆ ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕೊಟ್ಟ ಫೀಸನ್ನು ವರ್ಷಕ್ಕೆ 9,000ದವರೆಗೆ ವಾಪಸ್ ಕೊಡುತ್ತಾರೆ. ಪ್ರಗತಿ ಚೆನ್ನಾಗಿದ್ದರೆ ಹೆಚ್ಚೆಂದರೆ 20 ವರ್ಷ ತುಂಬುವವರೆಗೆ ಮುಂದುವರಿಯುತ್ತದೆ. ಪಾರಂಪರಿಕ ಕಲಾವಿದರ ಮನೆಯ ಮಕ್ಕಳಿಗೆ ಇದರಲ್ಲಿ ಪ್ರತ್ಯೇಕ ಪಾಲಿದೆ. ನಮ್ಮ ಮೂಡಲಪಾಯ, ವೀರಗಾಸೆ ಕುಟುಂಬಗಳು ಇದನ್ನು ಗಮನಿಸಬೇಕು. ಒಳ್ಳೆಯ ಯೋಜನೆ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ 3,600 ಅಂದರೆ ತಿಂಗಳಿಗೆ 300 ರೂಪಾಯಿ. ಫೀಸನ್ನು ಮೊದಲು ನೀವು ಕಟ್ಟಿರಬೇಕು, ಆಮೇಲೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೇಶದ ಬೇರೆ ಮಕ್ಕಳ ಎದುರು ಆಯ್ಕೆಯಾಗಬೇಕಾದರೆ ಆ ಮಗು ಅಷ್ಟರೊಳಗೆ ಎರಡು ಮೂರು ವರ್ಷವಾದರೂ ಕಲಿತಿರಬೇಕು. ಆ ಮೊದಲ ಎರಡು ಮೂರು ವರ್ಷದ ಖರ್ಚು ಯಾರು ಕೊಡುತ್ತಾರೆ? ಯಾರೂ ಇಲ್ಲ.

18ರಿಂದ 25 ವರ್ಷದವರಿಗೆ ಅದೇ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ 5,000, ಎರಡು ವರ್ಷ. ಶಾಸ್ತ್ರೀಯ ಸಂಗೀತ, ನೃತ್ಯದ ಜೊತೆಗೆ ರಂಗಭೂಮಿ, ಜಾನಪದ ಕಲೆಗಳಿಗೂ ಉಂಟು. ಇಡೀ ದೇಶಕ್ಕೆ 400. ಇದಕ್ಕೂ ಒಂದು ಷರತ್ತಿದೆ. ಗುರುಗಳ ಹತ್ತಿರ ಅಥವಾ ಸಂಸ್ಥೆಯಲ್ಲಿ ಕನಿಷ್ಠ 5 ವರ್ಷ ಕಲಿತಿರಬೇಕು. ಹಣ ಬರುವುದು ಆರು ತಿಂಗಳಿಗೊಂದು ಕಂತಿನಲ್ಲಿ. ರಾಜ್ಯದಲ್ಲಿ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಶಿಷ್ಯವೇತನ ಕೊಡುತ್ತದೆ. ಪ್ರಕಟಣೆ ಬಂದಾಗ ಕಣ್ಣಿಟ್ಟಿರಬೇಕು. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದ ಗುರು ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೂ ಶಿಷ್ಯರಿಗೂ ತಿಂಗಳ ಗೌರವಧನ ಇದೆ. ಹುಡುಗರು ಕಲಿಯಲು ಬಾರದೆ ಸೊರಗುತ್ತಿರುವ ಕಲೆಗಳಿಗೆ ಇದು ಹೇಳಿ ಮಾಡಿಸಿದ್ದು.

ಪದವಿಗೆ ಹೋದರೆ ದಾರಿ ಇನ್ನೂ ಬೇರೆ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದಂಥ ಕಡೆ ಸೇರಿದ ಮಗು ಕೂಡ ಬಿ.ಎ., ಬಿ.ಕಾಂ. ಓದುವ ಮಗುವಿನ ಹಾಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬಹುದು. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಅಂತ ತಿಂಗಳಿಗಿಷ್ಟು ಅಂತ 10 ತಿಂಗಳು ಬರುತ್ತದೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆ. ಚಿಕ್ಕಮಗಳೂರು, ಸಕಲೇಶಪುರದ ತೋಟದ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿಯ ಶೈಕ್ಷಣಿಕ ನೆರವೂ ಇದೆ. ಅದು ಅಂಕಗಳ ಮೇಲೆ ನಿಂತದ್ದು. ಎಷ್ಟೋ ಮಕ್ಕಳು, ಸಂಗೀತ ಓದುವವರಿಗೆ ಇದೆಲ್ಲ ಬರಲ್ಲ ಅಂದುಕೊಂಡು ಅರ್ಜಿಯನ್ನೇ ಹಾಕಿರುವುದಿಲ್ಲ. ಒಂದು ಆದಾಯ ಪ್ರಮಾಣಪತ್ರ, ಒಂದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇಲ್ಲದೆ ಹಣ ಕೈತಪ್ಪಿದ್ದನ್ನು ಮತ್ತೆ ಮತ್ತೆ ನೋಡಿದ್ದೇನೆ. ನಿಮ್ಮ ಇಪ್ಪತ್ತು ಜನರಲ್ಲಿ ಹಾಸನದಲ್ಲೇ ಇರುವವರು ಒಬ್ಬರಾದರೂ ಇದ್ದರೆ ಈ ಕೆಲಸ ಅವರಿಗೆ ಕೊಡಿ. ನಾಡಕಚೇರಿಗೆ ಮಗುವಿನ ತಾಯಿಯ ಜೊತೆ ಹೋಗಿ ನಿಲ್ಲುವುದು. ಬ್ಯಾಂಕಿನಲ್ಲಿ ಜೋಡಣೆ ಆಗಿದೆಯಾ ಅಂತ ಕೇಳುವುದು. ಗುರುಗಳಿಗೆ ಒಂದು ರಸೀದಿ ಪುಸ್ತಕ ಮಾಡಿಸಿಕೊಟ್ಟು, ಪ್ರತಿ ತಿಂಗಳು ರಸೀದಿ ಬರೆಸಿ ಇಟ್ಟುಕೊಳ್ಳುವುದು. ಈ ರಸೀದಿ ಇಲ್ಲದೆ ಸಿಸಿಆರ್‌ಟಿ ಫೀಸು ವಾಪಸ್ ಬರುವುದಿಲ್ಲ. ಚೆಕ್ಕಿಗಿಂತ ಇದರ ಬೆಲೆ ಎಷ್ಟೋ ಸಲ ಜಾಸ್ತಿ.

ಹಾಗಾಗಿ ನಿಮ್ಮ ದುಡ್ಡಿಗೆ ಮೂರು ಜಾಗ ಇದೆ. ಸರ್ಕಾರದ ನೆರವು ಶುರುವಾಗುವ ಮೊದಲಿನ ವರ್ಷಗಳು ಒಂದು. ಎಸ್ಸೆಸ್ಸೆಲ್ಸಿಯಿಂದ ಪಿಯುಸಿ ಮುಗಿಯುವವರೆಗಿನ ಕಾಲ ಇನ್ನೊಂದು. ಕಲೆ ಬಿಟ್ಟು ಹೋಗುವುದು ಹೆಚ್ಚು ಆಗಲೇ. ಮೂರನೆಯದು, ಮಂಜೂರಾದ ಹಣ ಕೈಗೆ ಬರುವವರೆಗೆ ಕಾಯುವ ತಿಂಗಳುಗಳು. ಕೊನೆಯದಕ್ಕೆ ನೀವು ಮುಂಗಡ ಕೊಡಬಹುದು, ಸರ್ಕಾರದ ಕಂತು ಬಂದಾಗ ವಾಪಸ್ ತೆಗೆದುಕೊಳ್ಳಬಹುದು. ಕಾಯಿದೆಯ ಮಾತು ಬೇಡ, ಬಡ್ಡಿಯಂತೂ ಬೇಡವೇ ಬೇಡ.

ನಾಟಕ ಕಲಿಯಲು ಹೋಗುವವರ ಕಷ್ಟ ಸ್ವಲ್ಪ ಬೇರೆ ಅಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಸುತ್ತಮುತ್ತ ಒಳ್ಳೆಯ ರಂಗಶಾಲೆಗಳಿವೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅಜ್ಜಂಪುರ, ತರೀಕೆರೆಯವರಿಗೆ ಸಾಣೇಹಳ್ಳಿಯ ರಂಗಪ್ರಯೋಗ ಶಾಲೆ ದೂರವೇನಲ್ಲ. ಮೈಸೂರಿನ ರಂಗಾಯಣದಲ್ಲಿ ಭಾರತೀಯ ರಂಗಶಿಕ್ಷಣ ಕೇಂದ್ರ ಇದೆ. ಯಕ್ಷಗಾನಕ್ಕೆ ಉಡುಪಿಯ ಯಕ್ಷಗಾನ ಕೇಂದ್ರ ಇದೆ. ಇಂಥ ಕಡೆ ಅಲ್ಲೇ ಉಳಿದು ಕಲಿಯಬೇಕು. ಫೀಸಿನ ಹೊರೆ ಕಡಿಮೆ, ಕೆಲವು ಕಡೆ ತಿಂಗಳ ವೇತನವೂ ಉಂಟು. ಆದರೂ ಬಡ ಮನೆಯ ಹುಡುಗ ಹೋಗುವುದಿಲ್ಲ. ಯಾಕೆ? ಅವನು ಮನೆಯ ದುಡಿಯುವ ಕೈ. ಮೂಡಿಗೆರೆಯ ತೋಟದಲ್ಲಿ ನವೆಂಬರಿಂದ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ. ಮನೆಯ ವರ್ಷದ ಖರ್ಚಿನಲ್ಲಿ ದೊಡ್ಡ ಪಾಲು ಎದ್ದು ಬರುವುದು ಆ ನಾಲ್ಕು ತಿಂಗಳಲ್ಲಿ. ಆ ಹೊತ್ತಿಗೆ ಅವನು ಹೆಗ್ಗೋಡಿನಲ್ಲಿ ಕುಳಿತು ಅಭಿನಯ ಕಲಿಯುತ್ತೇನೆ ಅಂದರೆ ಅವ್ವ ಏನು ಮಾಡಬೇಕು? ಇಂಥ ಹುಡುಗನಿಗೆ ನೆರವು ಕೊಡುವುದಾದರೆ ಅವನ ಕೈಗೆ ಕೊಡುವುದಕ್ಕಿಂತ ಅವನ ಮನೆಗೆ ಕಳಿಸಿ. ಹತ್ತು ತಿಂಗಳು ಮನೆಗೆ ತಿಂಗಳಿಗಿಷ್ಟು ಅಂತ ಹೋದರೆ ಅವನು ನಿಶ್ಚಿಂತೆಯಿಂದ ಕಲಿಯುತ್ತಾನೆ. ಇದನ್ನು ಮಾಡುವವರು ತೀರಾ ಕಡಿಮೆ. ನೀವು ಮಾಡಿದರೆ ನನಗೆ ತುಂಬಾ ಸಂತೋಷ.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೂ ಇದೇ ಮಾತು. ಸೇರಿದವರಿಗೆ ವಿದ್ಯಾರ್ಥಿವೇತನ ಇದೆ. ಆದರೆ ಅರ್ಜಿ ಹಾಕಲು ಪದವಿ ಆಗಿರಬೇಕು, ಕನಿಷ್ಠ 6 ನಾಟಕಗಳಲ್ಲಿ ಪಾಲ್ಗೊಂಡಿರಬೇಕು. ಅಷ್ಟು ನಾಟಕ ಮಾಡಲು ಸಂಜೆಗಳು ಬೇಕು, ರಜೆ ಬೇಕು. ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿಕೊಂಡು ಓದುವ ಹುಡುಗನಿಗೆ ಅವು ಎಲ್ಲಿವೆ?

ಇನ್ನು ಆಯ್ಕೆ. ಸ್ಪರ್ಧೆ ಬೇಡ ಅಂತ ಯಾಕೆ ಹೇಳುತ್ತೇನೆ ಅಂದರೆ, ಸ್ಪರ್ಧೆಯಲ್ಲಿ ಗೆಲ್ಲುವುದು ಚೆನ್ನಾಗಿ ತಯಾರಾದ ಮಗು. ಚೆನ್ನಾಗಿ ತಯಾರಾಗಲು ದುಡ್ಡು ಬೇಕು. ಮನೆಯಲ್ಲಿ ಕೀಬೋರ್ಡು, ವಾರಕ್ಕೆ ಮೂರು ಕ್ಲಾಸು, ಮೂರನೇ ವಯಸ್ಸಿನಿಂದ ಕಲಿಸಿದ ಅಮ್ಮ ಇರುವ ಮಗುವಿನ ಮುಂದೆ ದೇವಸ್ಥಾನದ ಭಜನೆಯಲ್ಲಿ ಕೇಳಿ ಕಲಿತ ಮಗು ನಿಲ್ಲುವುದಿಲ್ಲ. ಅದರಿಂದ ಸ್ಪರ್ಧೆಯ ಬದಲು ಗುರುಗಳನ್ನು, ಸರ್ಕಾರಿ ಶಾಲೆಯ ಮೇಷ್ಟ್ರುಗಳನ್ನು, ಹಾಸ್ಟೆಲ್ ವಾರ್ಡನ್‌ಗಳನ್ನು, ಭಜನಾ ಮಂಡಳಿ, ತಮಟೆ ತಂಡದವರನ್ನು ಕೇಳಿ. ದುಡ್ಡಿಲ್ಲ ಅಂತ ಬಿಡುವ ಹಂತದಲ್ಲಿರುವ ಮಕ್ಕಳು ನಿಮ್ಮಲ್ಲಿ ಯಾರಿದ್ದಾರೆ? ಕಳೆದ ವರ್ಷ ಬಿಟ್ಟವರು ಯಾರು? ಈ ಎರಡು ಪ್ರಶ್ನೆ ಸಾಕು. ಎರಡನೆಯದನ್ನು ಮರೆಯಬೇಡಿ. ಬಿಟ್ಟ ಮಗು ವಾಪಸ್ ಬಂದರೆ ಅದರ ಹಟವೇ ಬೇರೆ ಇರುತ್ತದೆ.

ಆ ಮೇಲೆ ಮಗುವಿನ ಮನೆಗೆ ಹೋಗಿ ಕುಳಿತು ಮಾತಾಡಿ. ಒಂದು ಹಾಡು ಹೇಳಿಸಿ, ನಾಲ್ಕು ಹೆಜ್ಜೆ ಹಾಕಿಸಿ. ಹೊಸದೊಂದು ಸಾಲು ಹೇಳಿಕೊಟ್ಟು ಎಷ್ಟು ಬೇಗ ಹಿಡಿಯುತ್ತದೆ ನೋಡಿ. ಗೊತ್ತಿರುವುದನ್ನು ಚೆನ್ನಾಗಿ ಒಪ್ಪಿಸುವುದಕ್ಕಿಂತ ಗೊತ್ತಿಲ್ಲದ್ದನ್ನು ಹಿಡಿಯುವ ಕಿವಿ ಮುಖ್ಯ. ಬಡತನಕ್ಕೆ ಪುರಾವೆಯಾಗಿ ಬಿಪಿಎಲ್ ಕಾರ್ಡು ನೋಡಿದರೆ ಮುಗಿಯಿತು. ನಿಮಗೆ ಅಂತ ಹೊಸ ಪ್ರಮಾಣಪತ್ರ ತರಿಸಬೇಡಿ. ತಮ್ಮ ಕಷ್ಟದ ಬಗ್ಗೆ ಪ್ರಬಂಧ ಬರೆಸಬೇಡಿ. 12 ವರ್ಷದ ಮಗುವಿನ ಹತ್ತಿರ ನಮ್ಮ ಮನೆ ಬಡ ಮನೆ ಅಂತ ಬರೆಸುವುದು ಎಷ್ಟು ಕೆಟ್ಟದ್ದು ಅಂತ ಒಂದು ಕ್ಷಣ ಯೋಚಿಸಿ.

ಇದೇ ಕಾರಣಕ್ಕೆ ವೇದಿಕೆ ಮೇಲಿನ ಚೆಕ್ ನನಗೆ ಒಪ್ಪಿಗೆ ಇಲ್ಲ. ಹಾರ, ಶಾಲು, ಫೋಟೊ, ವಾಟ್ಸಾಪ್ ಗ್ರೂಪಿಗೆ ಕಳಿಸುವುದು. ನೆರವು ಪಡೆದವಳು ಅನ್ನುವ ಗುರುತು ಆ ಹುಡುಗಿಯ ಬೆನ್ನಿಗೆ ಕ್ಲಾಸಿನ ತನಕ ಬರುತ್ತದೆ. ಒಂದು ಊರಿನಲ್ಲಿ ಇದೇ ಕಾರಣಕ್ಕೆ ಒಬ್ಬ ಹುಡುಗಿ ಮುಂದಿನ ವರ್ಷದ ಹಣವನ್ನೇ ಬೇಡ ಅಂದಿದ್ದು ನನಗೆ ಗೊತ್ತು. ಹಣ ಸದ್ದಿಲ್ಲದೆ ಬ್ಯಾಂಕಿಗೆ ಹೋಗಲಿ. ಮೇಷ್ಟ್ರ ನೆನಪಿಗೆ ಕಾರ್ಯಕ್ರಮ ಮಾಡಲೇಬೇಕು ಅಂತಿದ್ದರೆ ಧಾರಾಳವಾಗಿ ಮಾಡಿ. ಅಲ್ಲಿ ಈ ಮಕ್ಕಳು ಹಾಡಲಿ, ಕುಣಿಯಲಿ, ಬೇರೆ ಮಕ್ಕಳ ಜೊತೆಯಲ್ಲೇ. ಯಾರಿಗೆ ನೆರವು ಸಿಕ್ಕಿದೆ ಅಂತ ಸಭಿಕರಿಗೆ ತಿಳಿಯುವ ಅಗತ್ಯ ಇಲ್ಲ. ಹಾಡಿದವರಿಗೆಲ್ಲ ಸಂಭಾವನೆ ಕೊಡಿ. ತಾನು ಹಾಡಿ ಸಂಪಾದಿಸಿದ ಮೊದಲ 500 ರೂಪಾಯಿ ಮಗುವಿಗೆ ಬೇರೆಯೇ ಧೈರ್ಯ ಕೊಡುತ್ತದೆ.

ಹಣ ಕೊಡುವ ರೀತಿ ಹೀಗಿರಲಿ. ಫೀಸು ನೇರವಾಗಿ ಗುರುಗಳಿಗೆ, ಪೂರ್ತಿಯಾಗಿ. ಅವರು ಬಡ ಮಗು ಅಂತ ಬಿಟ್ಟಿದ್ದರೂ ನೀವು ಕೊಡಿ. ಸಣ್ಣ ಊರಿನ ಸಂಗೀತ ಮೇಷ್ಟ್ರು ಕೂಡ ಶ್ರೀಮಂತರಲ್ಲ, ಅಲ್ವಾ? ಉಳಿದದ್ದು ಮಗುವಿನ ಖಾತೆಗೆ, ತಾಯಿ ಜೊತೆಗಿರುವಂತೆ. ಅದರ ಲೆಕ್ಕ ಕೇಳಬೇಡಿ. ಬಸ್ಸಿಗೆ ಹೋಯಿತೋ, ಕ್ಲಾಸಿಗೆ ಮುಂಚೆ ತಿಂದ ಇಡ್ಲಿಗೆ ಹೋಯಿತೋ, ಎರಡೂ ಕಲಿಕೆಯ ಖರ್ಚೇ. ನೀವು ನೋಡಬೇಕಾದ್ದು ಮಗು ಕ್ಲಾಸಿಗೆ ಬರುತ್ತಿದೆಯಾ ಅನ್ನುವುದನ್ನು. ಅದನ್ನು ಗುರುಗಳು ಹೇಳುತ್ತಾರೆ.

ವಾದ್ಯಗಳನ್ನು ಕೊಂಡು ಕೊಡುವ ಬದಲು ಎರವಲು ಕೊಡಿ. ಒಂದು ಪಿಟೀಲು, ಎರಡು ಮೃದಂಗ, ಒಂದು ಜೊತೆ ತಬಲಾ, ಒಂದು ಹಾರ್ಮೋನಿಯಂ, ಒಂದು ಚಂಡೆ. ಇಷ್ಟಿದ್ದರೆ ನಿಮ್ಮ ಹತ್ತಿರ ಪುಟ್ಟ ವಾದ್ಯಭಂಡಾರವೇ ಆಯಿತು. ನಿವೃತ್ತರ ಮನೆಯ ಅಟ್ಟದಲ್ಲಿ ಸುಮ್ನೆ ಕುಳಿತ ವಾದ್ಯಗಳು ಹಾಸನದಲ್ಲೇ ಬೇಕಾದಷ್ಟು ಸಿಗುತ್ತವೆ, ಕೇಳಿ ನೋಡಿ. ಆದರೆ ರಿಪೇರಿಗೆ ಅಂತ ದುಡ್ಡು ತೆಗೆದಿಡದೆ ಇದಕ್ಕೆ ಕೈ ಹಾಕಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಮೃದಂಗದ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಸಡಿಲವಾಗುತ್ತದೆ, ಅದರ ಮೇಲಿನ ಕಪ್ಪು ಕರಣೆ ಉದುರುತ್ತದೆ, ಪಿಟೀಲಿನ ಅಂಟು ಬಿಡುತ್ತದೆ. ಹೊಸ ಮುಚ್ಚಿಗೆ ಹಾಕಿಸಲು ಆಗದೆ ಮೂಲೆ ಸೇರಿದ ಮೃದಂಗಗಳ ಜೊತೆ ಕಲಿಕೆಯೂ ಮೂಲೆ ಸೇರುತ್ತದೆ. ಶ್ರುತಿಗೆ ಮಾತ್ರ ಪೆಟ್ಟಿಗೆ ಬೇಕಾಗಿಲ್ಲ, ಈಗ ಮೊಬೈಲಿನಲ್ಲೇ ತಂಬೂರಿ ಸಿಗುತ್ತದೆ.

ನಿಮ್ಮ 3 ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೊದಲ ವರ್ಷ 5 ಮಕ್ಕಳು. ಒಬ್ಬರಿಗೆ ಗುರುಗಳ ಫೀಸೂ ಸೇರಿ ತಿಂಗಳಿಗೆ 2,000. ಅಲ್ಲಿಗೆ 1 ಲಕ್ಷ 20 ಸಾವಿರ. ವಾದ್ಯ ಮತ್ತು ರಿಪೇರಿಗೆ 50 ಸಾವಿರ. ಪರೀಕ್ಷೆ, ಸಂದರ್ಶನದ ಪ್ರಯಾಣ, ಮುಂಗಡ ಇಂಥವಕ್ಕೆ 30 ಸಾವಿರ. ಉಳಿದ 1 ಲಕ್ಷವನ್ನು ಮುಟ್ಟದೆ ಎತ್ತಿಡಿ. ನಿಮ್ಮಲ್ಲಿ ನಾಲ್ಕು ಜನ ಮುಂದಿನ ವರ್ಷ ಹಣ ಕೊಡಲಾಗದೆ ಹೋದರೂ ಅಷ್ಟರಲ್ಲಿ ಐದೂ ಮಕ್ಕಳನ್ನು ಹತ್ತು ತಿಂಗಳು ನಡೆಸಬಹುದು. ಎರಡನೇ ವರ್ಷ ಬೇಕಾದರೆ ಇನ್ನಿಬ್ಬರನ್ನು ಸೇರಿಸಿಕೊಳ್ಳಿ. ಮೂಲಧನ ಇಟ್ಟು ಬಡ್ಡಿಯಲ್ಲಿ ನಡೆಸೋಣ ಅಂತ ಯಾರಾದರೂ ಹೇಳುತ್ತಾರೆ. 10 ಲಕ್ಷ ಇಟ್ಟರೆ, ಬಡ್ಡಿ ಶೇಕಡಾ 7 ಅಂತಲೇ ಹಿಡಿದರೂ, ವರ್ಷಕ್ಕೆ ಸಿಗುವುದು 70 ಸಾವಿರ. ಇದರಲ್ಲಿ ಮೂರು ಮಕ್ಕಳಿಗೆ ಪೂರ್ತಿ ವರ್ಷ ಆಗುವುದಿಲ್ಲ, ಬೆಲೆ ಏರಿದ ಹಾಗೆ ಅದೂ ಕರಗುತ್ತದೆ. ಸದ್ಯಕ್ಕೆ ವರ್ಷ ವರ್ಷ ಕೂಡಿಸುವುದೇ ವಾಸಿ.

ಕಾನೂನಿನ ಮಾತು ಚಿಕ್ಕದಾಗಿ. ಟ್ರಸ್ಟ್ ಮಾಡುವುದಾದರೆ ಪತ್ರ ಬರೆಸಿ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ. ಎಲ್ಲರೂ 80ಜಿ ಅನ್ನುವ ವಿನಾಯಿತಿ ದೇಣಿಗೆ ಕೊಟ್ಟವರಿಗೆ ಸಿಗಬೇಕಾದರೆ ಅದಕ್ಕೆ ಬೇರೆ ಅನುಮೋದನೆ ಬೇಕು. 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಇಲ್ಲ, ಆದ್ದರಿಂದ ಎಲ್ಲ ಬ್ಯಾಂಕಿನ ಮೂಲಕವೇ ಇರಲಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಪತ್ರ ಬರೆಸುವ ಮುಂಚೆ ಆಡಿಟರ್ ಒಬ್ಬರಿಗೆ ತೋರಿಸಿ. ನಮ್ಮ ಜಾತಿಯ ಮಕ್ಕಳಿಗೆ ಮಾತ್ರ ಅಂತ ಬರೆದರೆ ತೆರಿಗೆ ವಿನಾಯಿತಿಗೆ ಕುತ್ತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಅಂದರೆ ತೊಂದರೆ ಇಲ್ಲ. ಟ್ರಸ್ಟಿಗಳ ಬಂಧುಗಳ ಮಕ್ಕಳಿಗೆ ನೆರವು ಕೊಡುವ ಹಾಗಿಲ್ಲ. ಅದು ಕಾನೂನಿಗೂ ಸಲ್ಲ, ಮರ್ಯಾದೆಗೂ ಸಲ್ಲ. ಅಮೆರಿಕದ ಇಬ್ಬರ ವಿಷಯದಲ್ಲಿ ಒಂದು ಎಚ್ಚರಿಕೆ. ಅವರ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ನಿಮ್ಮ ಟ್ರಸ್ಟ್ ಮುಟ್ಟುವಂತಿಲ್ಲ. ಮೊದಲೇ ಕೇಳಿ ತಿಳಿದುಕೊಳ್ಳಿ.

ಕೊನೆಗೊಂದು, ನೀವು ಕೇಳಿಲ್ಲ, ಆದರೆ ಖಂಡಿತ ಬರುತ್ತದೆ. ಐವರಲ್ಲಿ ಒಬ್ಬರೋ ಇಬ್ಬರೋ ನಡುವೆ ಬಿಡುತ್ತಾರೆ. ನರ್ಸಿಂಗ್ ಸೇರುತ್ತಾರೆ, ಮದುವೆ ಆಗುತ್ತದೆ, ಇಲ್ಲ ಆಸಕ್ತಿಯೇ ಹೋಗುತ್ತದೆ. ಆಗ ಹಣ ವಾಪಸ್ ಕೇಳುವ ಮಾತು ನಿಮ್ಮಲ್ಲಿ ಯಾರ ಬಾಯಲ್ಲೂ ಬರಬಾರದು. ಇದನ್ನು ಮೊದಲ ದಿನವೇ ತಾಯಿ ತಂದೆಗೆ ಹೇಳಿಬಿಡಿ. ಇಲ್ಲದಿದ್ದರೆ ಸಾಲ ಆಗಿಬಿಡುತ್ತದೆ ಅನ್ನುವ ಭಯಕ್ಕೆ ಎಷ್ಟೋ ಮನೆಯವರು ಒಪ್ಪುವುದೇ ಇಲ್ಲ. ಬಿಟ್ಟ ಮೇಲೂ ಮೂರು ತಿಂಗಳು ಕೊಡಿ, ಮನಸ್ಸು ಬದಲಾದರೆ ಬರಲಿ. ಎರವಲು ಕೊಟ್ಟ ವಾದ್ಯವನ್ನು ಮಾತ್ರ ವಾಪಸ್ ತೆಗೆದುಕೊಂಡು, ಮುಚ್ಚಿಗೆ ಸರಿಯಿದೆಯಾ ನೋಡಿ, ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಇನ್ನೊಂದು ಮಗುವಿಗೆ ಕೊಡಿ.